ಚಾರುಮತಿಯ ಕನಸು

ಈ ಸಲ ವರಮಹಾಲಕ್ಷ್ಮಿ ಹಬ್ಬದ ಸಂಜೆ ಪಕ್ಕದ ಮನೆಗೆ ಅರಿಶಿನ-ಕುಂಕುಮಕ್ಕೆ ಹೋಗಿದ್ದೆ. ಬಾಗಿಲಲ್ಲೇ ಕಣ್ಣು ನಿಂತುಬಿಟ್ಟಿತು. ದೊಡ್ಡ ಬೆಳ್ಳಿ ಮುಖವಾಡ, ಹೊಸ ಕಂಚಿ ಸೀರೆ, ಅಮ್ಮನವರ ಕೊರಳ ತುಂಬ ಕಾಸಿನ ಸರ. ಕೈ ಮುಗಿದೆ, ಮನಸ್ಸು ಲೆಕ್ಕ ಹಾಕುತ್ತಿತ್ತು. ಮನೆಗೆ ಬಂದರೆ ನಮ್ಮ ಪುಟ್ಟ ಕಲಶ ಸಪ್ಪಗೆ ಕಂಡಿತು. ಹಬ್ಬದ ಹೂವಿನ ಬೆಲೆ ಗೊತ್ತಲ್ಲ, ಎರಡು ಮೊಳ ಮಲ್ಲಿಗೆ ತಂದಿದ್ದೇ ಜಾಸ್ತಿ. ತಾಯಿ ನನಗೆ ಮಾತ್ರ ಯಾಕೆ ಕಡಿಮೆ ಕೊಟ್ಟಳು ಅಂತ ಹೊಟ್ಟೆ ಉರಿಯತೊಡಗಿತು.

ಆಗ ನಮ್ಮ ಅತ್ತೆ ನೆನಪಾದರು. ಅವರ ಕಾಲದಲ್ಲಿ ಈ ಮನೆಯಲ್ಲಿ ಬೆಳ್ಳಿ ಮುಖವಾಡ ಇರಲಿಲ್ಲ. ತೆಂಗಿನಕಾಯಿಯ ಮೇಲೆ ಅರಿಶಿನ ಮೆತ್ತಿ ತಾವೇ ಮುಖ ತಿದ್ದುತ್ತಿದ್ದರು. ಹೆಬ್ಬೆರಳಲ್ಲಿ ಒತ್ತಿ ಒತ್ತಿ ಮೂಗು ಎತ್ತೋರು. ಕಾಡಿಗೆಯಲ್ಲಿ ಹುಬ್ಬು, ಕುಂಕುಮದಲ್ಲಿ ತುಟಿ. ಅರಿಶಿನ ಬಿರುಕು ಬಿಟ್ಟರೆ ಬೆರಳನ್ನು ನೀರಿಗದ್ದಿ ಮೆಲ್ಲಗೆ ಸವರೋರು, ಹಸುಗೂಸಿನ ಕೆನ್ನೆ ಸವರಿದ ಹಾಗೆ. ಆಮೇಲೆ ಹಿಂದೆ ಸರಿದು ನೋಡಿ, "ನಮ್ಮಮ್ಮ ನಗ್ತಿದ್ದಾಳೆ ನೋಡೇ" ಅನ್ನೋರು. ಆ ಹಸಿ ಅರಿಶಿನದ ವಾಸನೆ ಇಡೀ ಮನೆ ತುಂಬಿಕೊಳ್ಳುತ್ತಿತ್ತು. ಈಗಲೂ ಮೂಗಿಗೆ ಬಂತು.

ಬೆಳಗ್ಗೆ ಗಡಿಬಿಡಿಯಲ್ಲಿ ವ್ರತದ ಕಥೆ ಓದಿ ಮುಗಿಸಿದ್ದೆ. ಈಗೀಗ ಎಲ್ಲರ ಮನೆಯಲ್ಲೂ ಹೀಗೇ ಅಲ್ವಾ? ಅಲಂಕಾರಕ್ಕೆ, ಫೋಟೋಗೆ ಗಂಟೆಗಟ್ಟಲೆ ಸಮಯ, ಕಥೆಗೆ ಐದು ನಿಮಿಷ ಇಲ್ಲ. ಅತ್ತೆ ನಮ್ಮ ಕೈಗೆ ಅಕ್ಷತೆ ಕೊಟ್ಟು ಕೂರಿಸಿದರೆ ಕಥೆ ಮುಗಿಯೋವರೆಗೂ ಯಾರೂ ಏಳುವಂತಿರಲಿಲ್ಲ. ದೀಪಕ್ಕೆ ಎಣ್ಣೆ ಹಾಕಿ ಇನ್ನೊಮ್ಮೆ ಓದಲು ಕೂತೆ.

ಕುಂಡಿನ ನಗರದ ಚಾರುಮತಿ. ಶ್ರಾವಣದ ಹುಣ್ಣಿಮೆಗೆ ಮುಂಚಿನ ಶುಕ್ರವಾರ ನನ್ನನ್ನು ಪೂಜಿಸು ಅಂತ ಮಹಾಲಕ್ಷ್ಮಿ ಕನಸಿನಲ್ಲಿ ಹೇಳಿದ್ದು ಅವಳೊಬ್ಬಳಿಗೆ. ಅವಳು ಬಚ್ಚಿಟ್ಟುಕೊಳ್ಳಲಿಲ್ಲ. ಮನೆಯವರಿಗೆ ಹೇಳಿದಳು, ಊರ ಹೆಂಗಸರನ್ನೆಲ್ಲ ಕರೆದಳು. ಎಲ್ಲರೂ ಸೇರಿ ಪೂಜೆ ಮಾಡಿ ಸುತ್ತು ಬಂದಾಗ, ಮೊದಲ ಪ್ರದಕ್ಷಿಣೆಗೆ ಕಾಲಲ್ಲಿ ಗೆಜ್ಜೆ ಘಲ್ ಎಂದಿತು. ಎರಡನೆಯದಕ್ಕೆ ಕೈಗೆ ಕಂಕಣ ಬಂತು. ಚಾರುಮತಿಗೆ ಮಾತ್ರ ಅಲ್ಲ, ಜೊತೆಗೆ ಸುತ್ತಿದ ಎಲ್ಲರಿಗೂ. ಚಿಕ್ಕಂದಿನಿಂದ ಈ ಕಥೆಯಲ್ಲಿ ನನಗೆ ಗೆಜ್ಜೆ ಸದ್ದಷ್ಟೇ ಕೇಳಿಸುತ್ತಿತ್ತು. ಪಕ್ಕದವಳ ಕಾಲಲ್ಲೂ ಗೆಜ್ಜೆ ಇರಲಿ ಅಂತ ಅವಳೇ ಕರೆದಿದ್ದಳು ಅನ್ನೋದು ಈ ಸಲ ಕೇಳಿಸಿತು.

ಪುಸ್ತಕ ಮುಚ್ಚಿ ಕೈ ಮುಗಿದೆ. ತಾಯಿ, ಆ ಮನೆಯ ಸಿರಿ ಹಾಗೇ ಇರಲಿ, ಅವರ ಮಕ್ಕಳು ಚೆನ್ನಾಗಿರಲಿ ಅಂತ ಬೇಡಿಕೊಂಡೆ. ಮೊದಲ ಸಲ ಬಾಯಿಗೆ ಬಂತು, ಮನಸ್ಸಿಗೆ ಬರಲಿಲ್ಲ. ಮತ್ತೆ ಬೇಡಿದೆ. ಮತ್ತೂ ಬೇಡಿದೆ. ಕಣ್ಣಲ್ಲಿ ನೀರು ಬಂದಾಗ ಹೊಟ್ಟೆಯ ಉರಿ ಇಳಿದಿತ್ತು. ಇಳಿಸಿದವಳು ಆ ತಾಯಿಯೇ, ನನ್ನ ಕೈಲಿ ಆಗೋ ಕೆಲಸ ಅಲ್ಲ ಅದು.

ಮಾರನೇ ದಿನ ಕಲಶ ಕದಲಿಸಿ, ಆ ಕಾಯಿ ತುರಿದು ಪಾಯಸ ಮಾಡಿ, ಒಂದು ಡಬ್ಬಿ ಪಕ್ಕದ ಮನೆಗೆ ತೆಗೆದುಕೊಂಡು ಹೋದೆ. ಅವರು ಕೈ ಚಾಚಿದರು. ಬಲಗೈಯಲ್ಲಿ ವ್ರತದ ಒಂಬತ್ತು ಗಂಟಿನ ದಾರ. ಸ್ನಾನದ ನೀರಿಗೆ ಬಣ್ಣ ಬಿಟ್ಟು ಮಣಿಕಟ್ಟೆಲ್ಲ ಅರಿಶಿನ, ನನ್ನದರ ಹಾಗೇ.