ಐರ್ವಿನ್‌ನಲ್ಲಿ ಎಷ್ಟು ಅಡಿ?

ಮಳೆಗಾಲದಲ್ಲಿ ಮಹಾರಾಷ್ಟ್ರದ ಸಾಂಗ್ಲಿಯವರ ಬಾಯಲ್ಲಿ ಇದೊಂದೇ ಪ್ರಶ್ನೆ. ಐರ್ವಿನ್ ಅಂದರೆ 1929ರಲ್ಲಿ ಕೃಷ್ಣೆಗೆ ಕಟ್ಟಿದ ಕಲ್ಲಿನ ಸೇತುವೆ. ಅಲ್ಲಿ ನೀರು 40 ಅಡಿಗೆ ಬಂದರೆ ಎಚ್ಚರಿಕೆ, 45ಕ್ಕೆ ಅಪಾಯ. 2019ರ ಆಗಸ್ಟ್‌ನಲ್ಲಿ 57 ದಾಟಿತ್ತು.

ನಾನು ಜತ್ತ ತಾಲ್ಲೂಕಿನವನು. ಇಲ್ಲಿ ಸಾಂಗ್ಲಿಯಲ್ಲಿ ಅರಿಶಿನದ ಅಡತಿ ಅಂಗಡಿಯಲ್ಲಿ ಲೆಕ್ಕ ಬರೆಯುತ್ತೇನೆ. ಅವ್ವ ಫೋನ್ ಮಾಡಿದರೆ ಅಲ್ಲಿ ಕುಡಿಯೋ ನೀರಿನ ಟ್ಯಾಂಕರ್ ಬರಲಿಲ್ಲ ಅಂತಾಳೆ, ಇಲ್ಲಿ ನಾನು ನೀರು ಇಳೀಲಿಲ್ಲ ಅಂತೀನಿ. ಎರಡೂ ಒಂದೇ ಜಿಲ್ಲೆ!

ಮಹಾಪೂರ ಬಂದು ಹೋದಾಗಲೆಲ್ಲ ಹೊಳೆ ದಂಡೆಗೆ ಎತ್ತರದ ಗೋಡೆ ಕಟ್ಟಬೇಕು ಅಂತ ಮಾತು ಏಳುತ್ತದೆ. ನನಗೆ ಅದು ಒಪ್ಪಿಗೆಯಿಲ್ಲ. ಘಾಟಿನ ಮೆಟ್ಟಿಲು ಮುಳುಗಿದರೆ ಏನೂ ಕೆಡುವುದಿಲ್ಲ. ನೀರು ಇಳಿದ ಮೇಲೆ ಕೆಸರು ತೊಳೆದರೆ ಆಯ್ತು, ಮತ್ತೆ ಬಟ್ಟೆ ಒಗೆಯಬಹುದು, ಗಣಪತಿ ಬಿಡಬಹುದು. ಕೆಡುವುದು ಊರೊಳಗೆ. ಮತ್ತೆ ಊರಿಗೆ ನೀರು ಬರುವುದು ಬರೀ ಘಾಟ್ ಹತ್ತಿ ಅಲ್ಲ. ಶೇರಿನಾಲೆ ಅಂತ ಒಂದಿದೆ. ಊರಿನ ಗಲೀಜು ಹೊತ್ತು ಕೃಷ್ಣೆಗೆ ಸೇರುತ್ತದೆ. ಹೊಳೆಯೇ ಎತ್ತರಕ್ಕೆ ಏರಿದಾಗ ನಾಲೆಯ ನೀರು ಎಲ್ಲಿಗೆ ಹೋಗಬೇಕು? ಹಿಂದಕ್ಕೆ ತಿರುಗುತ್ತದೆ. ಮುಂದೆ ಗೋಡೆ ಕಟ್ಟಿ ಹಿಂಬಾಗಿಲು ತೆರೆದಿಟ್ಟರೆ ಏನು ಸುಖ? ನಾಲೆ ಬಾಯಿ ಮುಚ್ಚಿದರೆ ಊರಲ್ಲಿ ಸುರಿದ ಮಳೆಯನ್ನು ಪಂಪ್ ಹಚ್ಚಿ ಎತ್ತಬೇಕು.

ಇನ್ನು ಕಟ್ಟಡಗಳ ವಿಷಯ. ನಕ್ಷೆಯಲ್ಲಿ ಎರಡು ಪೂರರೇಷೆ, ಅಂದರೆ ಪೂರದ ನೀರು ಎಲ್ಲಿಯವರೆಗೆ ಬರಬಹುದು ಅಂತ ತೋರಿಸುವ ಗೆರೆ ಇವೆ. ನೀಲಿ ಗೆರೆ 25 ವರ್ಷಕ್ಕೊಮ್ಮೆ ಬರಬಹುದಾದ ಪೂರಕ್ಕೆ, ಕೆಂಪು ಗೆರೆ 100 ವರ್ಷದ್ದಕ್ಕೆ. ನೀಲಿ ಗೆರೆಯೊಳಗೆ ಮನೆ ಕಟ್ಟಬಾರದು. ನೆಲದ ಮೇಲೆ ಗೆರೆ ಯಾರಿಗೆ ಕಾಣುತ್ತದೆ ಹೇಳಿ! ತಗ್ಗು ಜಾಗಕ್ಕೆ ಮಣ್ಣು ಹಾಕಿ ಮಹಡಿ ಏರಿಸುತ್ತಾರೆ, ಅಲ್ಲಿ ನಿಲ್ಲುತ್ತಿದ್ದ ನೀರು ಪಕ್ಕದ ಗಲ್ಲಿಗೆ ನುಗ್ಗುತ್ತದೆ. ಬಸ್ ಸ್ಟ್ಯಾಂಡೇ ತಗ್ಗಿನಲ್ಲಿದೆ. ಅದು ಮುಳುಗಿದರೆ ನಾವು ಹೇಗಾದರೂ ಪಕ್ಕದ ಮಿರಜ್ ಮುಟ್ಟಿ ಊರಿನ ಗಾಡಿ ಹುಡುಕಬೇಕು.

ನಮ್ಮ ವ್ಯಾಪಾರದವರು ಮಾತ್ರ ಪಾಠ ಕಲಿತರು. ಕೃಷ್ಣೆ, ವಾರಣೆ ಕೂಡುವ ಹರಿಪುರದಲ್ಲಿ ಅರಿಶಿನ ತುಂಬಿಡುವ ಹಗೇವು, ಅಂದರೆ ನೆಲದೊಳಗಿನ ಗುಂಡಿಗಳಿದ್ದವು. ಒಣ ಮಣ್ಣಿನೊಳಗೆ ಹುಳು ಹತ್ತದೆ ವರ್ಷಗಟ್ಟಲೆ ಇರುತ್ತಿತ್ತು. 2005ರ ಪೂರದಲ್ಲಿ ಅವಕ್ಕೆ ನೀರು ನುಗ್ಗಿ ರಾಶಿ ರಾಶಿ ಮಾಲು ಕೊಳೆಯಿತು. ಆಮೇಲೆ ಜನ ಗೋದಾಮು, ಕೋಲ್ಡ್ ಸ್ಟೋರೇಜ್ ಕಡೆ ಹೊರಳಿದರು.

ಚಹಾದಂಗಡಿಯಲ್ಲಿ ಮಾತ್ರ ಎಲ್ಲ ತಪ್ಪೂ ಹೊಳೆಯ ಕೆಳಗೆ ಕರ್ನಾಟಕದಲ್ಲಿರುವ ಆಲಮಟ್ಟಿ ಅಣೆಕಟ್ಟಿನದೇ. ನಾನು ಕನ್ನಡದವನು ಅಂತ ಗೊತ್ತಾದರೆ ಮುಗೀತು, "ನಿಮ್ಮವರು ಗೇಟ್ ಎತ್ತಲಿಲ್ಲ" ಅಂತ ಶುರು. 2019ರ ಪೂರಕ್ಕೆ ಆಲಮಟ್ಟಿ ಕಾರಣವಲ್ಲ ಅಂತ ಮಹಾರಾಷ್ಟ್ರ ಸರ್ಕಾರವೇ ನೇಮಿಸಿದ ವಡನೇರೆ ಸಮಿತಿ ಹೇಳಿದೆ. ಹೇಳಿದರೆ ಕೇಳಬೇಕಲ್ಲ! ಈಗೀಗ ನಾನು ವಾದ ಮಾಡುವುದಿಲ್ಲ. "ಬರ್ರಿ ಕಾಕಾ, ಶೇರಿನಾಲೆ ತನಕ ನಡೆದು ಬರೋಣ, ತೋರಸ್ತೀನಿ" ಅಂತೀನಿ. ವಾಸನೆಗೆ ಹೆದರಿ ಯಾರೂ ಏಳುವುದಿಲ್ಲ.