ಕೆಂಪು ಇಂಕು ಕಾಣದ ತಿಂಗಳು

ಮಾರ್ಚ್ 24, 2022, ಗುರುವಾರ

ಇವತ್ತು ವಿಶ್ವ ಕ್ಷಯ ದಿನ. ಬೆಳಿಗ್ಗೆ ಜಾಥಾ ಇತ್ತು. ಮುಗಿಸಿ ಬಂದು ಲ್ಯಾಬಿನಲ್ಲಿ ಕೂತಾಗ 2020ರ ಇದೇ ದಿನ ನೆನಪಾಯಿತು. ಅವತ್ತು ರಾತ್ರಿ 8 ಗಂಟೆಗೇ ಅಲ್ವಾ ಲಾಕ್‌ಡೌನ್ ಅಂತ ಹೇಳಿದ್ದು?

ಸುಮ್ನೆ ಇರಲಾಗದೆ ಆ ವರ್ಷದ ಟಿಬಿ ಕಫ ಪರೀಕ್ಷೆಯ ರಿಜಿಸ್ಟರ್ ತೆಗೆದೆ. ಮಾರ್ಚ್ ಮೂರನೇ ವಾರದ ತನಕ ಪುಟ ಭರ್ತಿ, ಪಾಸಿಟಿವ್ ಬಂದದ್ದೆಲ್ಲ ಕೆಂಪು ಇಂಕಿನಲ್ಲಿ. ಏಪ್ರಿಲ್ ಇಡೀ ತಿಂಗಳು ಅರ್ಧ ಪುಟಕ್ಕೆ ಮುಗಿದಿದೆ. ಕೆಂಪು ಇಂಕೇ ಇಲ್ಲ.

ರೋಗವೇನೂ ಎಲ್ಲಿಗೂ ಹೋಗಿರಲಿಲ್ಲ. ಬಸ್ಸಿರಲಿಲ್ಲ, ಒಪಿಡಿ ಇರಲಿಲ್ಲ, ಮನೆಮನೆಗೆ ಹೋಗಿ ಕೆಮ್ಮು ಇರುವವರನ್ನು ಹುಡುಕುತ್ತಿದ್ದ ನಮ್ಮ ಹುಡುಗರು ಕೊರೊನಾ ಡ್ಯೂಟಿಯಲ್ಲಿದ್ದರು, ಟಿಬಿ ಪರೀಕ್ಷೆಯ ಸಿಬಿನ್ಯಾಟ್, ಟ್ರೂನ್ಯಾಟ್ ಯಂತ್ರಗಳನ್ನೂ ಎಷ್ಟೋ ಕಡೆ ಕೊರೊನಾಗೆ ಹಾಕಿಕೊಂಡರು, ನಾನೂ ಗಂಟಲು ದ್ರವ ತೆಗೆಯುತ್ತಾ ನಿಂತಿದ್ದೆ. ಜನ ಕೆಮ್ಮನ್ನೇ ಮುಚ್ಚಿಡತೊಡಗಿದರು. ಕೆಮ್ಮಿದರೆ ಎಲ್ಲಿ ಹಿಡ್ಕೊಂಡು ಹೋಗ್ತಾರೋ ಅನ್ನೋ ಭಯ.

ಮೊದಲೇ ಟಿಬಿ ಅಂತ ಗೊತ್ತಾಗಿದ್ದವರಿಗೆ ಆಶಾ ಕಾರ್ಯಕರ್ತೆಯರು ಬಿಸಿಲಲ್ಲಿ ನಡೆದುಕೊಂಡೇ ಹೋಗಿ ಮಾತ್ರೆ ಮುಟ್ಟಿಸಿದರು. ಅದನ್ನು ನಾನು ಯಾವತ್ತೂ ಮರೆಯೋದಿಲ್ಲ. ಪೆಟ್ಟು ಬಿದ್ದಿದ್ದು ಇನ್ನೂ ಗೊತ್ತೇ ಆಗದವರಿಗೆ.

ಸೆಪ್ಟೆಂಬರಿನಲ್ಲಿ ಒಬ್ಬ ಹೆಂಗಸು ಬಂದರು. ಮೇ ತಿಂಗಳಿಂದ ಕೆಮ್ಮಂತೆ. ಅವರ ಸ್ಲೈಡ್ ಇನ್ನೂ ಕಣ್ಣಿಗೆ ಕಟ್ಟಿದಂತಿದೆ. ನೀಲಿ ಹಿನ್ನೆಲೆಯಲ್ಲಿ ಕೆಂಪು ಕಡ್ಡಿಗಳಂಥ ಟಿಬಿ ರೋಗಾಣುಗಳು, ಎಣಿಸೋಕೇ ಆಗದಷ್ಟು. 3 ಪ್ಲಸ್ ಅಂತ ಬರೆದೆ, ಅಂದರೆ ರೋಗಾಣು ತುಂಬಾ ಜಾಸ್ತಿ. ಮನೆಯಲ್ಲಿ ಐದು ಜನ, ಇರೋದು ಒಂದೇ ಕೋಣೆ. ಹೊರಗೆ ಬರಬೇಡಿ ಅಂತ ನಾವೇ ಹೇಳಿದ್ದೆವು, ಅವರು ಬಂದಿರಲಿಲ್ಲ. ಚಿಕಿತ್ಸೆ ಸಿಗದ ಒಬ್ಬರಿಂದ ವರ್ಷಕ್ಕೆ 10ರಿಂದ 15 ಜನರಿಗೆ ಸೋಂಕು ಹರಡಬಹುದು ಅಂತ ನಾವೇ ಊರೂರಿಗೆ ಹೇಳ್ತೀವಿ. ಆಮೇಲೆ ಅವರ ಮಗಳ ಹೆಸರನ್ನೂ ಇದೇ ಕೈಯಿಂದ ಕೆಂಪು ಇಂಕಿನಲ್ಲಿ ಬರೆದೆ.

ದೇಶದ ಲೆಕ್ಕವೂ ನಮ್ಮ ರಿಜಿಸ್ಟರ್ ಹಾಗೇ ಇದೆ. 2019ರಲ್ಲಿ ಸುಮಾರು 24 ಲಕ್ಷ ರೋಗಿಗಳು ದಾಖಲಾಗಿದ್ದರು, 2020ರಲ್ಲಿ ಸುಮಾರು 18 ಲಕ್ಷ. ಆ ಆರು ಲಕ್ಷ ಕಮ್ಮಿಯಾದದ್ದು ನೋಡಿ ಯಾರಾದರೂ ಖುಷಿಪಟ್ಟರೆ ನನಗೆ ಸಂಕಟ ಆಗುತ್ತೆ. ಅದೇ ವರ್ಷ ಜಗತ್ತಿನಲ್ಲಿ ಸುಮಾರು 15 ಲಕ್ಷ ಜನ ಟಿಬಿಯಿಂದ ಸತ್ತರು. ಹತ್ತು ವರ್ಷಕ್ಕೂ ಜಾಸ್ತಿ ಕಾಲದಿಂದ ಇಳಿಯುತ್ತಲೇ ಬಂದಿದ್ದ ಸಾವು ಮತ್ತೆ ಏರಿತು. 2025ಕ್ಕೆ ಟಿಬಿ ಮುಕ್ತ ಭಾರತ ಅಂತ ಇವತ್ತಿನ ಬ್ಯಾನರಿನಲ್ಲೂ ಇತ್ತು. ಇನ್ನು ಮೂರೇ ವರ್ಷ.

ಮಧ್ಯಾಹ್ನ ಪರೀಕ್ಷೆಗೆ ಕಫದ ಏಳು ಡಬ್ಬಿ ಬಂದವು. ಒಂದರಲ್ಲಿ ಬರೀ ಎಂಜಲು. ಆ ಅಜ್ಜನಿಗೆ ಇನ್ನೊಂದು ಡಬ್ಬಿ ಕೊಟ್ಟೆ. ಬೆಳಿಗ್ಗೆ ಎದ್ದವರೇ ಬಾಯಿ ಮುಕ್ಕಳಿಸಿ, ಉಸಿರು ಎಳೆದುಕೊಂಡು, ಎದೆಯಾಳದಿಂದ ಕೆಮ್ಮಿ ತೆಗೀಬೇಕು ಅಂತ ಮಾಡಿ ತೋರಿಸಿದೆ. ಅವರು ಡಬ್ಬಿಯನ್ನು ಟವೆಲ್ಲಿನಲ್ಲಿ ಸುತ್ತಿಕೊಂಡು, "ನಾಳೆ ಮೊದಲ ಬಸ್ಸಿಗೇ ಬರ್ತೀನಿ" ಎಂದರು.