ಬ್ಯಾಟರಿಯ ತಪ್ಪೇನೂ ಇರಲಿಲ್ಲ

ಸರ್ಕಾರಿ ಪದವಿ ಕಾಲೇಜಿಗೆ ಯಾರೂ ಕೇಳದೆ ಬಂದ ಉಪಕರಣಕ್ಕೆ ಎಂದಾದರೊಂದು ದಿನ ಒಬ್ಬ ಮೇಷ್ಟ್ರು ಸಿಕ್ಕೇ ಸಿಗುತ್ತಾನೆ. ಸ್ಮಾರ್ಟ್ ಕ್ಲಾಸ್ ಅನುದಾನದಲ್ಲಿ ಬಂದು ಸ್ಟಾಕ್ ರಿಜಿಸ್ಟರ್‌ಗೆ ಏರಿ ಬೀರುವಿನಲ್ಲಿ ಕುಳಿತಿದ್ದ ಕಣ್ಣಿಗೆ ಕಟ್ಟಿಕೊಂಡರೆ ಬೇರೊಂದು ಜಾಗದೊಳಗೇ ನಿಂತಂತೆ ಕಾಣಿಸುವ ನಾಲ್ಕು ವಿಆರ್ ಹೆಡ್‌ಸೆಟ್‌ಗಳು, ನಾನು ಭಾರತದ ಧರ್ಮಗಳನ್ನು ಕುರಿತ ಮುಕ್ತ ಆಯ್ಕೆಯ ಪತ್ರಿಕೆಯನ್ನು ಒಪ್ಪಿಕೊಂಡ ವರ್ಷವೇ ನನ್ನ ಕೊರಳಿಗೆ ಬಿದ್ದವು. ಅಷ್ಟರಲ್ಲಿ ಒಂದು ಮಲೆನಾಡಿನ ಮಳೆಗಾಲ ಕಳೆದು, ಮುಖಕ್ಕೆ ತಾಗುವ ಸ್ಪಂಜಿಗೆ ಬೂಷ್ಟು ಹಿಡಿದಿತ್ತು. ಒರೆಸಲು ಬರುವ ಸಿಲಿಕೋನ್ ಕವಚಗಳನ್ನು ಕೈಯಿಂದಲೇ ದುಡ್ಡು ಹಾಕಿ ತರಿಸಿದೆ. ಆ ಬಿಲ್ಲು ಇನ್ನೂ ‘ಪರಿಶೀಲನೆ’ಯಲ್ಲಿದೆ.

ಇಂಥ ಪಾಠ ನನಗೆ ಹೊಸದಾಗಿರಲಿಲ್ಲ. ಗೂಗಲ್ ಎಕ್ಸ್‌ಪೆಡಿಶನ್ಸ್ ಎಂಬ, ದೂರದ ಜಾಗಗಳನ್ನು ಕಣ್ಣೆದುರು ತೋರಿಸುವ ಆ್ಯಪ್ ಇದ್ದ ಕಾಲದಲ್ಲಿ ರಟ್ಟಿನ ಡಬ್ಬಿಯೊಳಗೆ ಹುಡುಗರ ಮೊಬೈಲನ್ನೇ ಇಟ್ಟು ಚರ್ಚು, ಮಸೀದಿ, ಸ್ತೂಪಗಳನ್ನು ತೋರಿಸುತ್ತಿದ್ದೆ. 2021ರಲ್ಲಿ ಕಂಪನಿ ಅದನ್ನು ಮುಚ್ಚಿದಾಗ ಅದನ್ನೇ ನಂಬಿ ಬರೆದಿದ್ದ ಪಾಠಯೋಜನೆಗಳೆಲ್ಲ ರದ್ದಿಗೆ ಹೋದವು. ಆದ್ದರಿಂದ ಈ ಸಲ ನೆಟ್ ಇಲ್ಲದಿದ್ದರೂ ನಡೆಯುವಂತೆ ಎಲ್ಲವನ್ನೂ ಹೆಡ್‌ಸೆಟ್‌ನಲ್ಲಿಯೇ ತುಂಬಿಸಿಕೊಂಡಿದ್ದೆ. ಸರಬರಾಜುದಾರರು ಕೊಟ್ಟ ಪ್ಯಾಕೇಜಿನಲ್ಲಿ ನಮ್ಮ ಸೀಮೆಯದೇ ಒಂದು ಹಳೆಯ ದೇವಸ್ಥಾನದ ಪ್ರವಾಸವಿತ್ತು. ಮುಖಮಂಟಪದಿಂದ ನವರಂಗ, ಅಲ್ಲಿಂದ ಗರ್ಭಗುಡಿಯ ಮುಂದಿನ ಚಿಕ್ಕ ಕೋಣೆಯಾದ ಸುಕನಾಸಿ, ಕೊನೆಗೆ ಗರ್ಭಗುಡಿ ಎಂದು ನೆಲದ ಮೇಲಿನ ನೀಲಿ ಬಾಣಗಳನ್ನು ಒತ್ತುತ್ತ ಹೋಗಬೇಕು. ದೇವಾಲಯದ ಅಂಗಗಳನ್ನು ಬೋರ್ಡಿನ ಮೇಲೆ ಬರೆದು ಸುಸ್ತಾಗಿದ್ದ ನನಗೆ ಇದಕ್ಕಿಂತ ಒಳ್ಳೆಯ ಪಾಠ ಬೇರೆ ಇಲ್ಲವೆನಿಸಿತ್ತು.

ಮೇಲಿನ ಕಚೇರಿಯ ಅಧಿಕಾರಿಯೊಬ್ಬರು ಕಾಲೇಜು ನೋಡಲು ಬಂದ ದಿನ ಅವರನ್ನು ನೇರವಾಗಿ ನನ್ನ ತರಗತಿಗೇ ಕರೆತಂದರು. ಕಾಲೇಜಿನ ಗುಣಮಟ್ಟ ನೋಡಿಕೊಳ್ಳುವ ಐಕ್ಯೂಎಸಿ ಘಟಕದವರು ಜಾಗದ ಗುರುತು ಬೀಳುವ ಜಿಯೋಟ್ಯಾಗ್ ಫೋಟೊಗೆಂದು ಮೊಬೈಲು ಹಿಡಿದು ಬಾಗಿಲಲ್ಲಿ ನಿಂತರು. ಮುಂದಿನ ಬೆಂಚಿನ, ತೀರ್ಥಹಳ್ಳಿ ಕಡೆಯ ಹುಡುಗಿಯೊಬ್ಬಳನ್ನು ಕರೆದು ಹೆಡ್‌ಸೆಟ್ ಹಾಕಿಸಿದೆ. ಹಾಕಿಕೊಳ್ಳುವ ಮೊದಲು ಅವಳು ಚಪ್ಪಲಿ ಬಿಡಲು ಹೋದಾಗ, “ಅದು ಬರೀ ಚಿತ್ರ ಅಮ್ಮ, ಚಪ್ಪಲಿ ಇರಲಿ” ಎಂದು ಎಲ್ಲರಿಗೂ ಕೇಳುವಂತೆ ಹೇಳಿದೆ. ಹಿಂದೆ ಯಾರೋ ನಕ್ಕರು. ಅವಳು ಚಪ್ಪಲಿ ಮೆಟ್ಟಿಕೊಂಡೇ ನಿಂತಳು.

ಮುಖಮಂಟಪ, ನವರಂಗ ಸಲೀಸಾಗಿ ಮುಗಿದವು. ಸುಕನಾಸಿಗೆ ಬಂದಮೇಲೆ ಪ್ರವಾಸ ನಿಂತುಬಿಟ್ಟಿತು. ಅವಳಿಗೆ ಕಾಣುತ್ತಿದ್ದುದು ಪ್ರೊಜೆಕ್ಟರ್‌ನಲ್ಲಿ ನಮಗೂ ಕಾಣುತ್ತಿತ್ತು: ಎದುರಿಗೆ ಗರ್ಭಗುಡಿಯ ಬಾಗಿಲುವಾಡ, ಮೇಲೆ ಗಜಲಕ್ಷ್ಮಿ, ಕೆಳಗೆ ಹೊಸ್ತಿಲ ಕಲ್ಲಿನ ಮೇಲೆಯೇ ನೀಲಿ ಬಾಣ. ಕಂಟ್ರೋಲರ್‌ನಿಂದ ಹೊರಟ ಬೆಳ್ಳನೆಯ ಗೆರೆ ಬಾಣದ ಹತ್ತಿರಕ್ಕೆ ಬಂದು, ತಪ್ಪಿಸಿಕೊಂಡಂತೆ ಪಕ್ಕದ ಕಂಬಕ್ಕೆ ಹೋಗುತ್ತಿತ್ತು. “ಟ್ರಿಗರ್ ಒತ್ತಮ್ಮ” ಎಂದೆ. ಗೆರೆ ಕಂಬದ ಮೇಲೆಯೇ ಉಳಿಯಿತು. ಕಂಟ್ರೋಲರ್‌ನ ಬ್ಯಾಟರಿ ಇಳಿದಿರಬೇಕೆಂದು ಅವಳ ಕೈಯಿಂದ ಅದನ್ನು ತೆಗೆದುಕೊಂಡು, ಗೋಡೆ ಗಡಿಯಾರದ ಬ್ಯಾಟರಿಯನ್ನು ಕಿತ್ತು ತರಿಸಿ ಹಾಕಿದೆ. ಬಟನ್ನನ್ನು ಒತ್ತಿ ಹಿಡಿದು ದೃಶ್ಯವನ್ನು ಮಧ್ಯಕ್ಕೆ ತಂದೆ. ಮತ್ತೆ ಅದೇ ಹೊಸ್ತಿಲು. ಅಧಿಕಾರಿಗಳು ಕೈಗಡಿಯಾರ ನೋಡಿಕೊಂಡರು. ಪ್ರಾಂಶುಪಾಲರು “ಬೇರೆ ಸೆಟ್ ಇದೆಯಲ್ಲ” ಎಂದು ಪಿಸುಗುಟ್ಟಿದರು. ಪ್ಯಾಕೇಜೇ ಕೆಟ್ಟಿದೆಯೆಂದು ಸರಬರಾಜುದಾರರನ್ನು ಬೈದುಕೊಳ್ಳುತ್ತ ಅವಳ ಬೆರಳನ್ನು ಟ್ರಿಗರ್ ಮೇಲೆ ಸರಿಯಾಗಿ ಇಡಲು ಹೇಳಿದಾಗ, ಕಣ್ಣು ಮುಚ್ಚಿದ ಆ ಡಬ್ಬಿಯ ಹಿಂದಿನಿಂದ ಮೆಲ್ಲಗೆ ಮಾತು ಬಂತು: “ಬ್ಯಾಟರಿ ಸರಿ ಇದೆ ಸರ್. ನಾನೇ ಹೋಗ್ತಾ ಇಲ್ಲ. ಭಟ್ರು ಬಿಟ್ಟು ಅಲ್ಲಿಗೆ ಯಾರೂ ಹೋಗಲ್ಲ.”

ಧರ್ಮದ ಪಾಠ ಮಾಡಲು ನಿಂತವನು, ಎದುರಿಗೆ ನಡೆಯುತ್ತಿದ್ದ ಧರ್ಮವನ್ನು ಯಂತ್ರದ ದೋಷವೆಂದು ಓದಿಕೊಂಡು ಬ್ಯಾಟರಿ ಬದಲಿಸುತ್ತಿದ್ದೆ. ಚಪ್ಪಲಿಯ ವಿಷಯದಲ್ಲಿಯೇ ಅವಳು ಅದನ್ನು ಹೇಳಿದ್ದಳು. ಯಾವುದು ಚಿತ್ರ, ಯಾವುದು ದೇವರ ಸನ್ನಿಧಿ ಎಂಬುದನ್ನು ಅವಳ ಪರವಾಗಿ ನಾನೇ ತೀರ್ಮಾನಿಸಿದ್ದೆ, ಅದೂ ಅರವತ್ತು ಜನರ ಮುಂದೆ. ಅವತ್ತಿನ ನಗು ಈಗಲೂ ಚುಚ್ಚುತ್ತದೆ.

ತರಗತಿ ಅಲ್ಲಿಗೆ ಮುಗಿಯಬಹುದಿತ್ತು. ಆದರೆ ಹಿಂದಿನ ಬೆಂಚಿನಿಂದ ಒಬ್ಬ ಹುಡುಗ ಎದ್ದುನಿಂತು, “ಹಾಗಾದ್ರೆ ನನಗೆ ಕೊಡಿ ಸರ್, ನಾನು ಹೋಗಿ ನೋಡ್ತೀನಿ. ನಮ್ಮಜ್ಜ ಗರ್ಭಗುಡಿ ಹಾಗಿರಲಿ, ಮುಂಬಾಗಿಲಿನ ಒಳಕ್ಕೂ ಹೋದವರಲ್ಲ” ಎಂದ. ಯಾರೂ ನಗಲಿಲ್ಲ. ಪ್ರಾಂಶುಪಾಲರ ಮುಖ ಬೆಳ್ಳಗಾಯಿತು. ಹುಡುಗ ಹೆಡ್‌ಸೆಟ್ ಹಾಕಿಕೊಂಡು ನೇರವಾಗಿ ಬಾಣವನ್ನು ಒತ್ತಿದ, ಒಳಗೆ ನಿಂತು ಸುತ್ತ ನೋಡಿದ, “ಇಷ್ಟೇ ಚಿಕ್ಕದಾ?” ಎಂದ.

ಶಿಲ್ಪದ ಪಾಠವನ್ನು ಅಲ್ಲಿಗೇ ಬಿಟ್ಟು 1958ರ ವೆಂಕಟರಮಣ ದೇವರು ಪ್ರಕರಣವನ್ನು ಹೇಳಿದೆ. ಮೂಲ್ಕಿಯ ದೇವಸ್ಥಾನದ ಆ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು, ಸಾರ್ವಜನಿಕ ದೇವಾಲಯವನ್ನು ಹಿಂದೂಗಳ ಎಲ್ಲ ವರ್ಗಗಳಿಗೂ ತೆರೆಯಿಸುವ ಸಂವಿಧಾನದ 25(2)(ಬಿ) ವಿಧಿಯ ಅಧಿಕಾರದ ಎದುರು ಇತರರನ್ನು ಪೂರ್ತಿಯಾಗಿ ಹೊರಗಿಡುವ ಪಂಗಡವೊಂದರ ಹಕ್ಕು ನಿಲ್ಲಲಾರದೆಂದಿತು. ಅದೇ ತೀರ್ಪಿನಲ್ಲಿ, ಅರ್ಚಕರೇ ಮಾಡಬೇಕಾದ ಸೇವೆಯನ್ನು ತಾನೇ ಮಾಡುತ್ತೇನೆಂದು ಭಕ್ತನೊಬ್ಬ ಕೇಳಲಾಗದೆಂದೂ ಹೇಳಿತು. ಅಂದರೆ ಈ ಇಬ್ಬರು ವಿದ್ಯಾರ್ಥಿಗಳು ನಿಂತದ್ದು ಒಂದೇ ಕಲ್ಲಿನ ಮುಂದಾದರೂ, ಅದು ಒಬ್ಬಳಿಗೆ ಮಡಿಯ ಗೆರೆ, ಇನ್ನೊಬ್ಬನಿಗೆ ಮೂರು ತಲೆಮಾರಿನ ಅವಮಾನದ ಗೆರೆ. ಬೋರ್ಡಿನ ಮೇಲೆ ಆ ಎರಡನ್ನೂ ಒಟ್ಟಿಗೆ ತೋರಿಸಲು ನನ್ನಿಂದ ಎಂದೂ ಆಗಿರಲಿಲ್ಲ.

ಸಂಜೆ ಪ್ರಾಂಶುಪಾಲರು ಕರೆಸಿ, ಯಾರಾದರೂ ದೂರು ಕೊಟ್ಟರೆ ಏನು ಗತಿಯೆಂದು ಕೇಳಿದರು. ಸರ್ಕಾರದ ಹಣದಲ್ಲಿಯೇ ನಡೆಯುವ ಸಂಸ್ಥೆಯಲ್ಲಿ ಧಾರ್ಮಿಕ ಬೋಧನೆ ಕೂಡದೆಂಬ 28ನೇ ವಿಧಿಯೂ, ಧರ್ಮಗಳ ಅಧ್ಯಯನ ಅಂಥ ಬೋಧನೆಯಲ್ಲವೆಂಬ 2002ರ ಅರುಣಾ ರಾಯ್ ಪ್ರಕರಣದ ತೀರ್ಪೂ ನನ್ನ ಬಾಯಲ್ಲಿದ್ದವು, ಹೇಳಿದೆ. ಆದರೆ ಆ ಗೆರೆ ಕಾಗದದಲ್ಲಿರುವಷ್ಟು ನೇರವಾಗಿ ಹೆಡ್‌ಸೆಟ್‌ನೊಳಗೆ ಇರುವುದಿಲ್ಲವೆಂದು ಮಧ್ಯಾಹ್ನವಷ್ಟೇ ಕಂಡಿದ್ದೆ. ಗರ್ಭಗುಡಿಯ ಚಿತ್ರವನ್ನು ಪುಸ್ತಕದಲ್ಲಿ ನೋಡುವವಳು ಓದುಗಾರ್ತಿ. ಅದರ ನಡುವೆ ನಿಲ್ಲಿಸಲ್ಪಟ್ಟವಳು ಏನೆಂದು ಪಠ್ಯಕ್ರಮ ಹೇಳುವುದಿಲ್ಲ.

ಗರ್ಭಗುಡಿಯ ಬಾಣವನ್ನು ಬೇಕಾದಾಗ ಮುಚ್ಚುವ ಸೌಲಭ್ಯ ಕೊಡಿರೆಂದು ಸರಬರಾಜುದಾರರನ್ನು ಕೇಳಿದ್ದಕ್ಕೆ, ಪ್ಯಾಕೇಜಿನ ಆಕರ್ಷಣೆಯೇ ಅದು ಸರ್, ಎಂದರು. ಈಗ ಕ್ರಮವನ್ನೇ ತಿರುವಿಹಾಕಿದ್ದೇನೆ. ಮೊದಲು ನಕ್ಷೆಯ ಹಾಳೆ ಕೊಟ್ಟು, ಅವರವರ ಮನೆಯವರು ಗುಡಿಯಲ್ಲಾಗಲಿ, ಬಸದಿಯಲ್ಲಾಗಲಿ, ಮಸೀದಿಯಲ್ಲಾಗಲಿ, ಚರ್ಚಿನಲ್ಲಾಗಲಿ ಎಲ್ಲಿಯವರೆಗೆ ಹೋಗುತ್ತಾರೆ, ಹೆಂಗಸರು ಎಲ್ಲಿ, ಗಂಡಸರು ಎಲ್ಲಿ ಎಂದು ಗುರುತು ಹಾಕಿಸುತ್ತೇನೆ, ಆಮೇಲೆ ಹೆಡ್‌ಸೆಟ್. ಬೇಡವೆನ್ನುವವರು ಪ್ರೊಜೆಕ್ಟರ್‌ನಲ್ಲಿ ನೋಡಬಹುದು, ಕಾರಣ ಹೇಳಬೇಕಾಗಿಲ್ಲ. ಚಪ್ಪಲಿಯ ಸುದ್ದಿಗೆ ನಾನು ಹೋಗುವುದಿಲ್ಲ.

ಇದರ ಮುಂದಿನ ಪಾಠಕ್ಕೆ ಬಳ್ಳಿಗಾವಿಯನ್ನು ನಾವೇ ಚಿತ್ರಿಸಿ ತಂದೆವು. ಶೈವ, ವೈಷ್ಣವ, ಜೈನ, ಬೌದ್ಧ ನಾಲ್ಕೂ ಒಂದೇ ಊರಿನಲ್ಲಿ ಇದ್ದ ಇನ್ನೊಂದು ಜಾಗ ನಮಗೆ ಇಷ್ಟು ಹತ್ತಿರದಲ್ಲಿಲ್ಲ. ಮಂಟಪಗಳು ಚೆನ್ನಾಗಿ ಬಂದವು, ಶಾಸನಗಳು ಮಾತ್ರ ಕೈಕೊಟ್ಟವು. ಸುತ್ತಲಿನದನ್ನೆಲ್ಲ ಒಮ್ಮೆಗೇ ಹಿಡಿಯುವ 5.7ಕೆ ಕ್ಯಾಮೆರಾದ ಚಿತ್ರದಲ್ಲಿ ಅಡ್ಡಸಾಲಿನ 5,760 ಬಿಂದುಗಳು 360 ಡಿಗ್ರಿಗೂ ಹಂಚಿಹೋದರೆ ಡಿಗ್ರಿಗೆ 16 ಮಾತ್ರ ಉಳಿಯುತ್ತವೆ. 2 ಸೆಂಟಿಮೀಟರ್ ಎತ್ತರದ ಅಕ್ಷರ 2 ಮೀಟರ್ ದೂರದಿಂದ ಅರ್ಧ ಡಿಗ್ರಿಗಿಂತ ತುಸು ಹೆಚ್ಚು, ಅಂದರೆ ಒಂಬತ್ತು ಬಿಂದು. ಹಳಗನ್ನಡದ ಒತ್ತಕ್ಷರ ಅಷ್ಟರಲ್ಲಿ ಹಿಡಿಸುವುದಿಲ್ಲ. ನನಗೆ ಬೇಕಿದ್ದುದು ಅಲ್ಲಿಯ ಕೋಡಿಮಠದ 1162ರ ಶಾಸನ: ಕಾಳಾಮುಖ ಶೈವರ ಮಠವೊಂದು ನಾಲ್ಕು ವೇದ, ವ್ಯಾಕರಣಗಳ ಜೊತೆಗೆ ಬೌದ್ಧ ದರ್ಶನವನ್ನೂ ಓದಿಸುತ್ತಿತ್ತೆಂದು, ಕುಂಟರು ಕುರುಡರೆನ್ನದೆ ಬಂದವರಿಗೆಲ್ಲ ಅನ್ನವಿಕ್ಕುತ್ತಿತ್ತೆಂದು ಅದು ಹೇಳುತ್ತದೆ. ಕೊನೆಗೆ ಶಾಸನಗಳ ಸಂಕಲನವಾದ ಎಪಿಗ್ರಾಫಿಯ ಕರ್ನಾಟಿಕದ ಏಳನೆಯ ಸಂಪುಟದಿಂದ ಆ ಪುಟಗಳನ್ನು ಜೆರಾಕ್ಸ್ ಮಾಡಿಸಿ ಹಂಚಿ, ಹೆಡ್‌ಸೆಟ್‌ಗಳನ್ನು ಮೇಜಿನ ಮೇಲಿಟ್ಟು ಇಡೀ ಅವಧಿ ಓದಿಸಿದೆ. ಜೆರಾಕ್ಸ್ ಬಿಲ್ಲು ‘ಐಸಿಟಿ (ಮಾಹಿತಿ ತಂತ್ರಜ್ಞಾನ) ಚಟುವಟಿಕೆಗೆ ಸಂಬಂಧಿಸಿಲ್ಲ’ ಎಂಬ ಷರಾದೊಂದಿಗೆ ಹಿಂದಿರುಗಿದೆ.